ನರ್ಸಕ್ಕನ ಸಂಬಳ ಕೊಡೋರ್ಯಾರು

ಫೆಬ್ರವರಿ 9, ಸೋಮವಾರ

ನಗರಸಭೆ ಕೊಡುತ್ತೇನೆಂದದ್ದು: ವಾರಕ್ಕೆ ಮೂರು ದಿನ ಮನೆಗೇ ಬರುವ ನರ್ಸ್. ಗಾಳಿ ತುಂಬುವ ಹಾಸಿಗೆ. ತಿಂಗಳಿಗೊಮ್ಮೆ ಬಂದು ಕಾಲು ಮಡಿಸಿ ಬಿಡಿಸುವ ವ್ಯಾಯಾಮದವನು. ಹೊಸ್ತಿಲಿನಿಂದ ಬೀದಿಗೆ ಗಾಲಿಕುರ್ಚಿ ಇಳಿಯುವಂಥ ಇಳಿಜಾರು.

ಕೊಟ್ಟದ್ದು: ನರ್ಸ್.

ಕೊಡದೆ ಹೋದದ್ದು: ಮಿಕ್ಕದ್ದೆಲ್ಲ.

ಇವತ್ತಿನಿಂದ ನರ್ಸೂ ಇಲ್ಲ.

ಸುದ್ದಿ ತಂದವಳು ನರ್ಸಕ್ಕನೇ. ಚೀಲ ಇಳಿಸಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದಳು. ಚುನಾವಣೆ ಮುಗಿದು ಹೊಸ ಅಧ್ಯಕ್ಷರು ಕೂರುವ ತನಕ ಮನೆಭೇಟಿ ಸೇವೆ ಸ್ಥಗಿತ. ಅವಳನ್ನು ದೊಡ್ಡಾಸ್ಪತ್ರೆಯ ಚೀಟಿ ಕಿಟಕಿಗೆ ಹಾಕಿದ್ದಾರೆ. ಗಾಯ ತೊಳೆಯುವ ಕೈ ಇನ್ನು ಚೀಟಿ ಹರಿಯಬೇಕು.

"ಯಾಕಂತೆ?"

"ಖಜಾನೆ ಖಾಲಿಯಂತೆ. ತೆರಿಗೆ ಅರ್ಧ ಆಗತ್ತೆ ಅಂತ ಸುದ್ದಿ ಹಬ್ಬಿದೆಯಲ್ಲ, ಈ ವರ್ಷದ್ದು ಯಾರೂ ಕಟ್ಟಿಲ್ಲ. ಎಲ್ರೂ ಕಾಯ್ತಾ ಕೂತಿದಾರೆ."

"ಅದಕ್ಕೆ ಮೊದಲು ಕತ್ತರಿಸಿದ್ದು ನಿನ್ನನ್ನಾ? ಅಧ್ಯಕ್ಷರ ಕಾರಿಗೆ ಡೀಸೆಲ್ ಇದೆಯೋ ಇಲ್ವೋ?"

"ನನ್ನ ಮೇಲ್ಯಾಕೆ ಹಾರ್ತೀಯ? ನಾನೇನು ಖಜಾನೇನಾ?"

ಒಳಗಿನಿಂದ ತಮ್ಮ ಕೂಗಿದ: "ನರ್ಸಕ್ಕ, ಹೋಗೋ ಮುಂಚೆ ಒಂದ್ಸಲ ಮಗ್ಗುಲು ಬದಲಾಯಿಸಿ ಹೋಗು. ನಮ್ಮಕ್ಕ ತಿರುಗಿಸಿದ್ರೆ ಗೋಣಿಚೀಲ ಹೊರಳಿಸಿದ ಹಾಗಿರತ್ತೆ."

ತಮ್ಮ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದ. ಮೂರು ವರ್ಷದ ಹಿಂದೆ ಅಟ್ಟಣಿಗೆಯ ಹಗ್ಗ ಹರಿದು ಬಿದ್ದ. ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗದಿರುವುದೇ ಅಪಾಯ. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಮೂಳೆ ಒತ್ತುವ ಕಡೆ ಮಾಂಸ ಕೊಳೆಯುತ್ತದೆ, ಅವನಿಗೆ ನೋವೂ ಆಗುವುದಿಲ್ಲ.

ಬೆನ್ನಿನ ಕೊನೆಯಲ್ಲಿ ಆಗಲೇ ಒಂದು ಕೆಂಪು ಕಲೆಯಿತ್ತು. ನರ್ಸಕ್ಕ ಬೆರಳಿಂದ ಒತ್ತಿ ಬಿಟ್ಟಳು. ಬೆಳ್ಳಗಾಗಿ ಮತ್ತೆ ಕೆಂಪಾಯಿತು. "ರಕ್ತ ಓಡಾಡ್ತಿದೆ. ಎರಡು ಗಂಟೆಗೊಂದ್ಸಲ ಮಗ್ಗುಲು. ತಪ್ಪಿಸಿದ್ರೆ ಒಡೆಯತ್ತೆ. ಎಲುಬಿಗೆ ಮುಟ್ಟಿದ್ರೆ ಜೀವಕ್ಕೇ ಬರತ್ತೆ," ಅಂದು ಹೊರಟಳು.

ನಾನು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ, ಕಾಲರ್ ಸಾಲಿನಲ್ಲಿ. ಎಂಟಕ್ಕೆ ಹೋದರೆ ಐದಕ್ಕೆ ವಾಪಸ್ಸು. ಮನೆಯಲ್ಲಿ ಉಳಿಯುವವಳು ದೊಡ್ಡಮ್ಮ ಒಬ್ಬಳೇ. ಅವಳ ಮಂಡಿಯನ್ನೇ ಇನ್ನೊಬ್ಬರು ಎತ್ತಬೇಕು. ಎರಡು ಗಂಟೆಗೊಮ್ಮೆ ಯಾರು ತಿರುಗಿಸಬೇಕು? ಖಜಾನೆಯಾ?

ಫೆಬ್ರವರಿ 11, ಬುಧವಾರ

ಕತ್ತರಿಯ ಅಂಗಡಿಯಲ್ಲಿ ಬೀದಿ ಸಮಿತಿಯ ಸಭೆ. ಕತ್ತರಿ ಎಂದರೆ ನಮ್ಮ ಕ್ಷೌರದಂಗಡಿಯವನು. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿರಬೇಕು. ಎರಡು ತಿರುಗು ಕುರ್ಚಿ, ಒಂದು ಬೆಂಚು, ಎದುರುಬದುರು ಕನ್ನಡಿ. ಆ ಕನ್ನಡಿಗಳ ನಡುವೆ ಹತ್ತು ಜನ ಕೂತರೆ ನೂರು ಜನರಂತೆ ಕಾಣುತ್ತದೆ. ನಮ್ಮ ಚಳವಳಿಗೆ ಅಷ್ಟಾದರೂ ಧೈರ್ಯ ಬೇಡವೇ.

ಅಧ್ಯಕ್ಷ ಸ್ಥಾನಕ್ಕೆ ನಿಂತವರು ಇಬ್ಬರು. ಒಬ್ಬ ಸಿಮೆಂಟು, ಕಬ್ಬಿಣದ ವ್ಯಾಪಾರಿ. ತಾನು ಗೆದ್ದರೆ ಮನೆತೆರಿಗೆ, ಅಂಗಡಿ ತೆರಿಗೆ, ಗೋದಾಮು ತೆರಿಗೆ ಎಲ್ಲ ಅರ್ಧ ಎನ್ನುತ್ತಾನೆ. ದೊಡ್ಡಮ್ಮ ಅವನಿಗೆ ಅರ್ಧಣ್ಣ ಎಂದು ಹೆಸರಿಟ್ಟಿದ್ದಾಳೆ. ಇನ್ನೊಬ್ಬಳು ಈಗಿನ ಉಪಾಧ್ಯಕ್ಷೆ. ತೆರಿಗೆ ಒಂದು ಕಾಸೂ ಏರಿಸುವುದಿಲ್ಲ, ನೀರು ಉಚಿತ, ಬಸ್ಸು ಉಚಿತ, ಔಷಧಿ ಉಚಿತ ಎನ್ನುತ್ತಾಳೆ. ಅವಳು ಉಚಿತಕ್ಕ. ಅವನು ಕೊಡಬೇಡಿ ಎನ್ನುತ್ತಾನೆ, ಇವಳು ತಗೊಳ್ಳಿ ಎನ್ನುತ್ತಾಳೆ. ಕೊಡುವ ಕೈಗೂ ತಗೊಳ್ಳುವ ಕೈಗೂ ನಡುವೆ ಏನಾದರೂ ಸಂಬಂಧವಿದೆ ಎಂದು ಮಾತ್ರ ಇಬ್ಬರೂ ಬಾಯಿ ಬಿಡುವುದಿಲ್ಲ.

ನಾನು ಸಮಿತಿಯ ಕಾರ್ಯದರ್ಶಿ. ನಿರ್ಣಯ ಮಂಡಿಸಿದೆ: ಇಬ್ಬರಿಗೂ ಒಂದೇ ಪ್ರಶ್ನೆ. ನರ್ಸಕ್ಕನನ್ನು ವಾಪಸ್ ಕಳಿಸುತ್ತೀರಾ, ಕಳಿಸಿದರೆ ಅವಳ ಸಂಬಳ ಯಾವ ದುಡ್ಡಿನಿಂದ?

"ಪ್ರಶ್ನೆ ಕೇಳು," ಅಂದ ಕತ್ತರಿ. "ಆದ್ರೆ ತೆರಿಗೆ ಇಳಿಯೋದು ಬೇಡ ಅಂತ ಮಾತ್ರ ಹೇಳ್ಬೇಡ ತಾಯಿ. ಅಂಗಡಿ ತೆರಿಗೆ ಕಟ್ಟೋ ತಿಂಗಳು ನನ್ನ ಗಡ್ಡ ನಾನೇ ಬೋಳಿಸ್ಕೊಂಡು ಬೋಣಿ ಮಾಡ್ಕೋಬೇಕು."

"ಹಾಗಾದ್ರೆ ನರ್ಸ್ ಬೇಡ್ವಾ?"

"ನರ್ಸೂ ಬೇಕು."

"ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು," ಅಂದಳು ದೊಡ್ಡಮ್ಮ. "ನಿನ್ನ ಒಬ್ಬನ ಹೊಟ್ಟೇಲೇ ಎರಡೂ ಕಟ್ಟಿದೀಯಲ್ಲೋ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಿರ್ಣಯ ಪಾಸಾಯಿತು. ಜೊತೆಗೆ ಇನ್ನೊಂದನ್ನೂ ಪಾಸು ಮಾಡಿಸಿದೆ: ನರ್ಸ್ ಬರುವ ತನಕ ಬೀದಿಯ ಜನರೇ ಸರದಿ ಹಾಕಿಕೊಂಡು ತಮ್ಮನ ಮಗ್ಗುಲು ಬದಲಾಯಿಸುವುದು. ಕೈಯೆತ್ತಿ ಅಂದೆ. ಕನ್ನಡಿ ತುಂಬ ಕೈ.

ಫೆಬ್ರವರಿ 15, ಭಾನುವಾರ

ಸರದಿ ನಡೆಯುತ್ತಿದೆ! ಬೆಳಗ್ಗೆ ಎದುರುಮನೆಯ ಡ್ರೈವರ್, ಆಮೇಲೆ ಮೂಲೆಮನೆ ಅತ್ತಿಗೆ, ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತಿಗೆ ಕತ್ತರಿ. ಕಾರ್ಖಾನೆಯಲ್ಲಿ ಕೂತು ಕಾಲರ್ ತಿರುಗಿಸುವಾಗ ಈಗ ಅವನನ್ನೂ ಯಾರೋ ತಿರುಗಿಸುತ್ತಿದ್ದಾರೆ ಎಂದು ನೆನೆದರೆ ಕಣ್ಣು ತುಂಬುತ್ತದೆ. ಯಾವ ಸರ್ಕಾರ, ಯಾವ ಸಭೆ ಮಾಡಲಾರದ್ದನ್ನು ನಾವು ಮಾಡಿದ್ದೇವೆ.

ಬೀದಿಯ ತುದಿಗೆ ಹಲಗೆ ಹಾಕಿದೆ. ಕೆಂಪು ಬಣ್ಣದಲ್ಲಿ ನಾನೇ ಬರೆದೆ: "ನಮ್ಮ ಬೀದಿಯ ಮಗನನ್ನು ನಮ್ಮ ಬೀದಿಯೇ ನೋಡಿಕೊಳ್ಳುತ್ತದೆ."

ತಮ್ಮನಿಗೆ ಓದಿ ಹೇಳಿದೆ. "ಅಕ್ಷರ ನೆಟ್ಟಗಿದೆಯಾ?" ಅಂತಷ್ಟೇ ಕೇಳಿದ. ಬಣ್ಣದವನ ಬುದ್ಧಿ.

"ಬರೆಯೋ ಮುಂಚೆ ನನ್ನನ್ನೊಂದು ಮಾತು ಕೇಳ್ಬಹುದಿತ್ತು," ಅಂತಲೂ ಅಂದ. ಕೇಳುವುದೇನಿದೆ ಇದರಲ್ಲಿ?

ಫೆಬ್ರವರಿ 17, ಮಂಗಳವಾರ

ಅರ್ಧಣ್ಣ ಬೀದಿಗೆ ಬಂದ. ಬಿಳಿ ಬಟ್ಟೆ, ಹಿಂದೆ ಇಪ್ಪತ್ತು ಹುಡುಗರು, ಒಬ್ಬ ಫೋಟೋದವನು. ನಾನು ಕೆಲಸದಿಂದ ಬಂದವಳು ಚೀಲವನ್ನೂ ಇಳಿಸದೆ ಅಡ್ಡ ನಿಂತೆ.

"ನರ್ಸಕ್ಕನ ಸಂಬಳ ಯಾವ ದುಡ್ಡಿನಿಂದ ಕೊಡ್ತೀರಿ? ತೆರಿಗೆ ಅರ್ಧ ಮಾಡಿದ ಮೇಲೆ?"

"ಸೋರಿಕೆ ತಡೀತೀನಿ ತಂಗಿ."

"ಎಲ್ಲಿ ಸೋರ್ತಿದೆ, ತೋರ್ಸಿ."

"ಎಲ್ಲಾ ಕಡೆ ಸೋರ್ತಿದೆ."

"ನಮ್ಮ ಸೂರೂ ಸೋರತ್ತಪ್ಪ," ಕಿಟಕಿಯಿಂದ ದೊಡ್ಡಮ್ಮ. "ಅಲ್ಲಿಂದಲೇ ಶುರು ಮಾಡು, ಪುಣ್ಯ ಬರತ್ತೆ."

ಅವನ ಹುಡುಗರೇ ನಕ್ಕುಬಿಟ್ಟರು. ಅವನೂ ನಕ್ಕ. ನಗುವುದರಲ್ಲಿ ಅವನಿಗೆ ಖರ್ಚೇನಿಲ್ಲ. ಅಷ್ಟರಲ್ಲಿ ಡ್ರೈವರ್ ನಮ್ಮ ಮನೆಯಿಂದ ಕೈ ಒರೆಸಿಕೊಳ್ಳುತ್ತ ಹೊರಬಂದ, ಅತ್ತಿಗೆ ಒಳಗೆ ಹೋದಳು. ಅರ್ಧಣ್ಣ ಕೇಳಿದ: "ಇವರೆಲ್ಲ ಸಂಬಳಕ್ಕೆ ಬರೋರಾ?"

"ಒಂದು ಕಾಸೂ ಇಲ್ಲ," ಅಂದೆ, ಎದೆ ಸೆಟೆಸಿ. "ನಮ್ಮ ಬೀದಿ ಇರೋದೇ ಹೀಗೆ. ನಿಮಗೆ ನಾಚಿಕೆಯಾಗ್ಲಿ ಅಂತಲೇ ಮಾಡ್ತಿದೀವಿ."

"ಭೇಷ್," ಅಂದ. ನಾಚಿಕೆಯಾದಂತೆ ಕಾಣಲಿಲ್ಲ. ಹಲಗೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಂಡ.

ಫೆಬ್ರವರಿ 23, ಸೋಮವಾರ

ಊರ ತುಂಬ ಪೋಸ್ಟರು. ನನ್ನ ಕೆಂಪಕ್ಷರದ ಹಲಗೆ, ಅದರ ಕೆಳಗೆ ಕೈಮುಗಿದ ಅರ್ಧಣ್ಣ. ಮೇಲೆ ದಪ್ಪಕ್ಷರದಲ್ಲಿ: "ತೆರಿಗೆಯಿಲ್ಲದೆಯೂ ಸೇವೆ ಸಾಧ್ಯ. ಈ ಬೀದಿಯನ್ನು ನೋಡಿ ಕಲಿಯಿರಿ."

ಕಾರ್ಖಾನೆಯ ಗೇಟಿಗೂ ಅಂಟಿಸಿದ್ದಾರೆ. ಪಕ್ಕದ ಯಂತ್ರದವಳು, "ನಿಮ್ಮ ಬೀದಿ ಫೇಮಸ್ ಆಗ್ಬಿಡ್ತಲ್ಲೇ!" ಅಂದಳು. ಸೂಜಿ ಬೆರಳಿಗೆ ಹೋಯಿತು.

ಫೆಬ್ರವರಿ 25, ಬುಧವಾರ

ಸಭೆ. ಕಿರುಚಾಟ.

ಸರದಿ ನಿಲ್ಲಿಸಬೇಕು ಎಂದೆ. ನಾವು ಮಾಡಿದಷ್ಟು ದಿನವೂ ಅವರು ಮಾಡುವುದಿಲ್ಲ. ನಮ್ಮ ಬೆವರೇ ಅವರ ಪ್ರಚಾರ. ಕೈಬಿಟ್ಟರೆ ಗೊತ್ತಾಗುತ್ತದೆ ಊರಿಗೆ, ತೆರಿಗೆಯಿಲ್ಲದೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂದು.

"ಕೈಬಿಟ್ರೆ ಗೊತ್ತಾಗೋದು ಊರಿಗಲ್ಲ, ಅವನ ಬೆನ್ನಿಗೆ," ಅಂದ ಡ್ರೈವರ್.

"ಮುಷ್ಕರ ಅಂದ್ರೆ ಹಾಗೇ. ಯಾರಿಗಾದ್ರೂ ನೋವಾಗಲೇಬೇಕು."

"ನೋವಾಗಬೇಕಾದೋನು ಅವನಾ?" ಅಂದಳು ಮೂಲೆಮನೆ ಅತ್ತಿಗೆ. "ಅವನಿಗೆ ನೋವಾದ್ರೂ ಗೊತ್ತಾಗತ್ತಾ? ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋರಿದಾರೆ. ನೀನು ನಿನ್ನ ತಮ್ಮನ್ನೇ ತಳ್ತಿದೀಯಲ್ಲ."

ಎದ್ದು ಬಂದುಬಿಟ್ಟೆ. ಹಲಗೆ ಕಿತ್ತು ಹಿತ್ತಲಿಗೆ ಎಸೆದೆ. ಸರದಿ ಮುಂದುವರಿಯಲಿ ಎಂದು ನಾನಿಲ್ಲದೆಯೇ ನಿರ್ಣಯವಾಯಿತಂತೆ. ಒಳ್ಳೆಯದು. ಮಾಡಿ ಸಾಯಿರಿ.

ಮನೆಗೆ ಬಂದಾಗ ತಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಗೋಡೆಯ ಆಚೆ ಮಾತಾಡಿದ್ದೆಲ್ಲ ಕೇಳಿಸುತ್ತದೆ, ಕತ್ತರಿಯ ಅಂಗಡಿ ನಮ್ಮ ಗೋಡೆಗೇ ಅಂಟಿಕೊಂಡಿದೆ ಎಂಬುದು ಸಭೆಯಲ್ಲಿ ಕಿರುಚುವಾಗ ನನಗೆ ಹೊಳೆಯಲಿಲ್ಲ.

ಮಾರ್ಚ್ 2, ಸೋಮವಾರ

ಈಗ ಉಚಿತಕ್ಕನ ಸರದಿ. ಪೋಸ್ಟರಿಗೆ ಉತ್ತರ ಕೊಡಬೇಕಲ್ಲ. ಸಣ್ಣ ಲಾರಿಯಲ್ಲಿ ಹಾಸಿಗೆ ತಂದಳು. ಗಾಳಿಯದಲ್ಲ, ಬರೀ ಸ್ಪಂಜಿನದು. ಮೇಲೆ ಪೂರಾ ಅವಳದೇ ಮುಖ ಅಚ್ಚಾಗಿದೆ, ಹಲ್ಲೆಲ್ಲ ಕಾಣುವಂತೆ.

ಕೇಳಿದೆ: "ಹಾಸಿಗೆ ಇರ್ಲಿ, ನರ್ಸ್ ಯಾವಾಗ? ಸಂಬಳ ಎಲ್ಲಿಂದ?"

"ಮೇಲಿನ ಸರ್ಕಾರದಿಂದ ತರ್ತೀನಿ."

"ಮೇಲಿನೋರಿಗೆ ಎಲ್ಲಿಂದ ಬರತ್ತೆ?"

"ನೀವು ಯಾಕೆ ಅಷ್ಟೆಲ್ಲ ತಲೆ ಕೆಡಿಸ್ಕೋತೀರಿ? ನಿಮಗಂತೂ ಉಚಿತ."

ಹೋದ ಮೇಲೆ ಹಾಸಿಗೆಯನ್ನು ತಿರುವಿಹಾಕಿ ನೋಡಿದೆವು. ಹಿಂದೆಯೂ ಅವಳ ಮುಖವೇ. ತಮ್ಮ ಬಹಳ ದಿನದ ಮೇಲೆ ನಕ್ಕ. "ಹಾಸೇ ಅಕ್ಕ. ಬಾಯಿರೋ ಜಾಗಕ್ಕೆ ನನ್ನ ಕೆಂಪು ಕಲೆ ಬರೋ ಹಾಗೆ ಮಾತ್ರ ನೋಡ್ಕೋ."

ದೊಡ್ಡಮ್ಮ ನಕ್ಕು ನಕ್ಕು ಕೆಮ್ಮಿದಳು.

ಮಾರ್ಚ್ 4, ಬುಧವಾರ

ಒಡೆದಿದೆ.

ಸಂಜೆ ಬಂದು ಬಟ್ಟೆ ಸರಿಸಿದರೆ ಕೆಂಪು ಕಲೆಯಿದ್ದಲ್ಲಿ ಚರ್ಮವೇ ಇಲ್ಲ. ನನ್ನ ಅಂಗೈಯಷ್ಟಗಲ, ಹಸಿ. ಸುತ್ತ ಎಣ್ಣೆಯ ಜಿಡ್ಡು. ದೊಡ್ಡಾಸ್ಪತ್ರೆಗೆ ಓಡಿದೆ. ಕಿಟಕಿ ಮುಚ್ಚುವ ಹೊತ್ತು. ನರ್ಸಕ್ಕ ನನ್ನ ಮುಖ ನೋಡಿ ಚೀಲ ಎತ್ತಿಕೊಂಡಳು.

ತೊಳೆದಳು, ಕಟ್ಟಿದಳು, ಆಮೇಲೆ ಕೇಳಿದಳು: "ಉಜ್ಜಿದ್ದು ಯಾರು?"

ಬಾಗಿಲಲ್ಲಿ ನಿಂತಿದ್ದ ಕತ್ತರಿ ಕೈ ಮುಂದೆ ಚಾಚಿದ, ಬೆತ್ತದೇಟಿಗೆ ಚಾಚಿದಂತೆ. "ನಾನು. ದಿನಾ ಸ್ವಲ್ಪ ಎಣ್ಣೆ ಹಾಕಿ ತಿಕ್ತಿದ್ದೆ. ಕೆಂಪಗಿತ್ತಲ್ಲ, ರಕ್ತ ಹರೀಲಿ ಅಂತ. ತಲೆ, ಕುತ್ತಿಗೆ, ಬೆನ್ನು, ಇದೇ ಕೈಯಲ್ಲಿ ಉಜ್ಜಿ ಎಷ್ಟು ಜನರ ನೋವು ತೆಗೆದಿದೀನಿ..."

"ಅದು ಬದುಕಿರೋ ಬೆನ್ನಿಗೆ. ಇಲ್ಲಿ ಒಳಗೆ ಆಗಲೇ ನಜ್ಜುಗುಜ್ಜಾಗಿತ್ತು. ನೀನು ತಿಕ್ಕಿ ತಿಕ್ಕಿ ಬಿಡಿಸಿದೀಯ."

ಕತ್ತರಿ ಹೊಸ್ತಿಲ ಮೇಲೆ ಕೂತು ಅತ್ತ. ನನಗೆ ಅವನ ಕತ್ತು ಹಿಸುಕಬೇಕೆನಿಸಿತು. ಹಿಸುಕಿ ಏನು ಮಾಡಲಿ? ಮುಟ್ಟಿದ್ದನ್ನು ಉಜ್ಜದೆ ಬಿಡಲಾರದ ಕೈ ಅದು. ಅವನನ್ನು ಮಂಚದ ಹತ್ತಿರ ಕಳಿಸಿದ್ದು ನನ್ನ ನಿರ್ಣಯ. ಪ್ರೀತಿ ಎಂದುಕೊಂಡೆವು, ಸಾಕು ಎಂದುಕೊಂಡೆವು. ಪ್ರೀತಿಗೆ ಗಾಯ ಕಟ್ಟಲು ಬರುವುದಿಲ್ಲ. ಅದನ್ನು ಕಲಿತವರು ಬೇಕು, ಕಲಿತವರಿಗೆ ಸಂಬಳ ಬೇಕು.

ತಮ್ಮ ಮಾತ್ರ, "ಕತ್ತರಿ, ಅಳಬೇಡ. ನಿನ್ನ ಕೈ ಬಿದ್ದಾಗ್ಲೆಲ್ಲ ಕಣೋ, ಬೆನ್ನಲ್ಲಿ ಅಲ್ದಿದ್ರೂ ಕಿವೀಲಿ ಸುಖ ಆಗ್ತಿತ್ತು. ಎಷ್ಟು ಹರಟೆ ಹೊಡೀತಿದ್ದೆ!" ಅಂದ.

ಮಾರ್ಚ್ 5, ಗುರುವಾರ

ತಮ್ಮನಿಗೆ ಜ್ವರ. ನಾನು ಕೆಲಸಕ್ಕೆ ಹೋಗಲಿಲ್ಲ.

ಮಾರ್ಚ್ 7, ಶನಿವಾರ

ಜ್ವರ ಇಳಿದಿದೆ.

ನಾಳೆ ಶಾಲೆಯ ಮೈದಾನದಲ್ಲಿ ಇಬ್ಬರು ಅಭ್ಯರ್ಥಿಗಳೂ ಒಂದೇ ವೇದಿಕೆಗೆ ಬರುತ್ತಾರೆ. ನನ್ನ ಯೋಜನೆ ಸಿದ್ಧವಿತ್ತು. ಗಾಯದ ಫೋಟೋ ತೆಗೆದು, ಆಳೆತ್ತರ ದೊಡ್ಡದು ಮಾಡಿಸಿ, ವೇದಿಕೆಯ ಮುಂದೆ ಹಿಡಿಯುವುದು. ನೋಡಲಿ. ವಾಂತಿ ಬರಲಿ.

ಫೋನ್ ಹಿಡಿದು ಹೊದಿಕೆ ಸರಿಸುತ್ತಿದ್ದಂತೆ ತಮ್ಮ ನನ್ನ ಮಣಿಕಟ್ಟು ಹಿಡಿದ. ಕೈಯಲ್ಲಿ ಅವನಿಗೆ ಇನ್ನೂ ಬಣ್ಣದವನ ಬಲವಿದೆ.

"ಬೇಡ."

"ಜನಕ್ಕೆ ಗೊತ್ತಾಗ್ಬೇಕು ಕಣೋ."

"ಹಲಗೆ ಬರೆದೆ, ಕೇಳ್ಲಿಲ್ಲ. ಸರದಿ ನಿಲ್ಸಿ ಅಂದೆ, ಕೇಳ್ಲಿಲ್ಲ. ಅವನು ನನ್ನನ್ನ ಪೋಸ್ಟರ್ ಮಾಡ್ದ. ಅವಳು ನನ್ನ ಮೇಲೆ ಅವಳ ಮುಖ ಹಾಸಿದ್ಲು. ಈಗ ನೀನು ಬ್ಯಾನರ್ ಮಾಡ್ತೀಯ. ಮೂರೂ ಜನ ಸೇರಿ ಒಂದು ಪಕ್ಷ ಮಾಡ್ಕೊಳ್ಳಿ."

"ನಾನೂ ಅವರೂ ಒಂದೇನಾ?"

"ನನ್ನ ಬೆನ್ನು ನನಗೆ ಕಾಣಲ್ಲ ಅಕ್ಕ. ಅದಕ್ಕೇ ನೋಡೋರೆಲ್ಲ ಅದು ತಮ್ಮದೇ ಅಂದ್ಕೊಂಡಿದಾರೆ." ಕೈ ಬಿಟ್ಟ. "ಬಾಯಿ ಇದೆಯಲ್ಲ ನಂಗೆ. ಕರ್ಕೊಂಡು ಹೋಗು."

ಹಟಮಾರಿ. ಚಿಕ್ಕಂದಿನಿಂದಲೂ ಹೀಗೇ. ಸಿಟ್ಟು ಬಂತು. ಫೋನ್ ಒಳಗಿಟ್ಟೆ.

ಮಾರ್ಚ್ 8, ಭಾನುವಾರ

ಕೂರುವಂತಿಲ್ಲ, ಗಾಯದ ಮೇಲೆ ಭಾರ ಬೀಳುತ್ತದೆ. ಕೈಗಾಡಿಯ ಮೇಲೆ ಹಾಸಿಗೆ ಹಾಕಿ ಹೊಟ್ಟೆ ಕೆಳಗಾಗಿ ಮಲಗಿಸಿದೆವು. ಡ್ರೈವರ್ ಮುಂದೆ ಎಳೆದ, ಕತ್ತರಿ ಹಿಂದೆ ತಳ್ಳಿದ, ಗುಂಡಿ ಬಂದಾಗಲೆಲ್ಲ ಇಬ್ಬರೂ ಗಾಡಿಯನ್ನೇ ಎತ್ತಿದರು. ರಸ್ತೆಯ ಗುಂಡಿಗಳಿಗೂ ಯಾರೂ ತೆರಿಗೆ ಕಟ್ಟಿಲ್ಲ.

ಮೈದಾನ ತುಂಬಿತ್ತು. ಅರ್ಧಣ್ಣ "ನಿಮ್ಮ ದುಡ್ಡು ನಿಮ್ಮ ಜೇಬಿನಲ್ಲಿ" ಅಂದ, ಚಪ್ಪಾಳೆ. ಉಚಿತಕ್ಕ "ಎಲ್ಲ ನಿಮ್ಮ ಮನೆ ಬಾಗಿಲಿಗೆ" ಅಂದಳು, ಚಪ್ಪಾಳೆ. ಅದೇ ಜನ, ಅದೇ ಕೈಗಳು.

ಪ್ರಶ್ನೆಯ ಹೊತ್ತು ಬಂದಾಗ ಗಾಡಿ ಮುಂದೆ ತಂದೆವು. ತಮ್ಮ ಮೊಣಕೈ ಊರಿ ತಲೆ ಎತ್ತಿದ. ಮೈಕು ನಾನು ಹಿಡಿದುಕೊಂಡೆ. ಅವನ ಧ್ವನಿ ಇಷ್ಟು ದೊಡ್ಡದಿದೆ ಎಂದು ನನಗೇ ಮರೆತಿತ್ತು. ಆರನೇ ಮಹಡಿಯಿಂದ ಕೆಳಗಿನವರನ್ನು ಕೂಗುತ್ತಿದ್ದವನಲ್ಲವೇ.

"ಅಣ್ಣ, ಅರ್ಧ ಅರ್ಧ ಅಂತ ಸಲೀಸಾಗಿ ಅಂತೀರಿ. ಅರ್ಧ ಅಂದ್ರೇನು ಅಂತ ನಂಗೆ ಗೊತ್ತು. ನನ್ನಲ್ಲಿ ಅರ್ಧ ಹೋಗಿ ಮೂರು ವರ್ಷ ಆಯ್ತು. ನಮ್ಮ ಮೇಸ್ತ್ರಿನೂ ಹಗ್ಗದ ಖರ್ಚಲ್ಲಿ ಅರ್ಧ ಉಳಿಸಿದ್ದ. ಅದಕ್ಕೆ ಕೇಳ್ತಿದೀನಿ, ಯಾವ ಅರ್ಧ ಕತ್ತರಿಸ್ತೀರಿ? ಬೀದಿದೀಪವಾ, ಈ ಶಾಲೆಯಾ, ನರ್ಸಾ? ಮುಂಚೇನೇ ಹೇಳ್ಬಿಡಿ. ಬೀಳೋರು ಸ್ವಲ್ಪ ತಯಾರಾಗ್ತೀವಿ."

ಕತ್ತರಿ ಗಾಡಿಯನ್ನು ಉಚಿತಕ್ಕನ ಕಡೆ ತಿರುಗಿಸಿದ.

"ಅಕ್ಕ, ನೀವು ಉಚಿತ ಅಂತೀರಿ. ನರ್ಸಕ್ಕನ ಮಕ್ಕಳಿಗೆ ಪುಸ್ತಕ ಉಚಿತವಾ? ಅವಳ ಮನೆ ಬಾಡಿಗೆ ಉಚಿತವಾ? ಅವಳಿಗೆ ಸಂಬಳ ಕೊಡ್ಬೇಕಾದೋರು ಯಾರು ಅಂತ ಹೇಳಕ್ಕೆ ನಿಮಗೆ ಹೆದರಿಕೆ. ನಾವು ಕೊಡ್ತೀವಿ, ನಮ್ಮ ಪಾಲು. ಗೋದಾಮಿನೋರ ಹತ್ರ ಅವರ ಪಾಲು ಕೇಳ್ತೀರಾ?"

ಉಚಿತಕ್ಕ ನೀರು ಕುಡಿದಳು. ನನಗೆ ಅನಿಸಿತು, ಆಯಿತು, ಸಿಕ್ಕಿಬಿದ್ದರು, ಇನ್ನು ಬಾಯಿ ಬಿಡಲೇಬೇಕು.

ಅರ್ಧಣ್ಣ ಎದ್ದ. ವೇದಿಕೆಯಿಂದ ಇಳಿದು ಬಂದು ತಮ್ಮನ ತಲೆ ಸವರಿದ. ಮೈಕು ನನ್ನ ಕೈಯಿಂದ ತೆಗೆದುಕೊಂಡು, "ಈ ಸೋದರನ ಧೈರ್ಯಕ್ಕೆ ಒಂದು ಜೋರಾದ ಚಪ್ಪಾಳೆ!" ಅಂದ.

ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕಣ್ಣೊರೆಸಿಕೊಂಡು ತಟ್ಟಿತು. ನಿಲ್ಲಲೇ ಇಲ್ಲ. ಆ ಸದ್ದಿನಲ್ಲಿ ಪ್ರಶ್ನೆಯನ್ನು ಮುಳುಗಿಸಿ ಕೊಂದರು. ಮುಗಿಯುವಷ್ಟರಲ್ಲಿ ಅವನು ವೇದಿಕೆಯ ಮೇಲೆ ಬೇರೆ ಮಾತಿಗೆ ಹೋಗಿದ್ದ.

ದಾರಿಯುದ್ದಕ್ಕೂ ಬೈದೆ. ತಮ್ಮ ಕೇಳಿದ: "ಮುಗೀತಾ? ಮಗ್ಗುಲು ಬದಲಾಯಿಸೋ ಹೊತ್ತಾಯ್ತು."

ಮಾರ್ಚ್ 17, ಮಂಗಳವಾರ

ಅರ್ಧಣ್ಣ ಗೆದ್ದ. ಗೆದ್ದದ್ದಲ್ಲ, ಗುಡಿಸಿಹಾಕಿದ.

ಕತ್ತರಿ ಬಂದು ಹೊಸ್ತಿಲಲ್ಲಿ ನಿಂತ. ನಾನು ಕೇಳಿರಲೇ ಇಲ್ಲ, ತಾನೇ ಹೇಳಿದ: "ನನ್ನ ಓಟೂ ಅವನಿಗೇ ಬಿತ್ತು. ಒಳಗೆ ಹೋಗೋ ತನಕ ಹಾಕ್ಬಾರ್ದು ಅಂತಲೇ ಇದ್ದೆ. ಅಲ್ಲಿ ನಿಂತಾಗ ಅಂಗಡಿ ನೆನಪಾಯ್ತು."

"ಅವನ ಬೆನ್ನು ನೆನಪಾಗ್ಲಿಲ್ವಾ?"

"ಅದೂ ಆಯ್ತು. ಅಂಗಡಿ ಮೊದಲು ಆಯ್ತು."

ಮುಖದ ಮೇಲೆ ಬಾಗಿಲು ಹಾಕಿದೆ. ಒಳಗಿನಿಂದ ತಮ್ಮ, "ನಿಜ ಹೇಳಿದೋನೊಬ್ಬ ಸಿಕ್ಕಿದ್ದ, ಅವನನ್ನೂ ಓಡಿಸ್ದೆ," ಅಂದ.

ಮಾರ್ಚ್ 29, ಭಾನುವಾರ

ಕಿಟಕಿಯ ಕೆಲಸ ಮುಗಿಸಿ ನರ್ಸಕ್ಕ ದಿನ ಬಿಟ್ಟು ದಿನ ಬರುತ್ತಿದ್ದಳು. ಗಾಯದ ಅಂಚು ಗುಲಾಬಿಯಾಗಿ ಕೂಡತೊಡಗಿತ್ತು. ತಮ್ಮ ಜಗಳ ತೆಗೆಯುತ್ತಿದ್ದ: "ಬಿಟ್ಟಿ ಬರ್ಬೇಡ ನರ್ಸಕ್ಕ. ನಿನ್ನ ಫೋಟೋನೂ ಹಾಕ್ತಾರೆ." ಅವಳು, "ಸುಮ್ನಿರೋ. ಗಾಯಕ್ಕೆ ಚುನಾವಣೆ ಗೊತ್ತಾಗಲ್ಲ," ಅನ್ನುತ್ತಿದ್ದಳು.

ನಿನ್ನೆ ಅವಳಿಗೆ ನೋಟಿಸು ಬಂದಿದೆ. ರದ್ದಾದ ಸೇವೆಯನ್ನು ಆದೇಶವಿಲ್ಲದೆ ನೀಡುತ್ತಿರುವುದು ಶಿಸ್ತುಭಂಗವಂತೆ. ಮತ್ತೆ ಮನೆಗಳಿಗೆ ಹೋದರೆ ಕೆಲಸ ಹೋಗುತ್ತದೆ. ಸ್ಥಗಿತ ಎಂದಿದ್ದದ್ದು ಸದ್ದಿಲ್ಲದೆ ರದ್ದು ಎಂದಾಗಿದೆ.

ಇವತ್ತು ಕೊನೆಯ ಸಲ ಬಂದು ನನಗೆ ಕೈ ಹಿಡಿದು ಕಟ್ಟು ಕಟ್ಟುವುದನ್ನು ಕಲಿಸಿದಳು. ಒಣಗಿಸಬಾರದು, ಉಜ್ಜಬಾರದು, ಒತ್ತಿ ಕಟ್ಟಬಾರದು. ಕಾಲರ್ ಕೆಟ್ಟರೆ ಬಿಚ್ಚಿ ಹೊಲಿಯಬಹುದು.

"ಇದು ಮುಚ್ಚಕ್ಕೆ ಮೂರು ತಿಂಗಳಾದ್ರೂ ಬೇಕು," ಅಂದಳು. "ನೋಡೋ ಕಣ್ಣು ಬೇಕು. ವಾಸನೆ ಬದಲಾದ್ರೆ, ಅಂಚು ಕಪ್ಪಾದ್ರೆ, ಒಂದು ದಿನವೂ ತಡ ಮಾಡೋ ಹಾಗಿಲ್ಲ."

ಏಪ್ರಿಲ್ 6, ಸೋಮವಾರ

ತೆರಿಗೆ ಬಿಲ್ಲು ಬಂತು. ಅರ್ಧ. ಕೊಟ್ಟ ಮಾತು ಉಳಿಸಿಕೊಂಡಿದ್ದಾನೆ ಮಹಾರಾಯ.

ಕತ್ತರಿ ತನ್ನ ಬಿಲ್ಲು ಹಿಡಿದು ಬಂದ. ನಾನು ಮಾತಾಡಿಸಲಿಲ್ಲ. ಅವನು ತಮ್ಮನ ಮಂಚದ ಬಳಿ ಹೋಗಿ ಕೂತ. "ಉಳಿದದ್ದು ನೋಡೋ. ವರ್ಷಕ್ಕೆ ಎರಡು ಡಬ್ಬಿ ಸೋಪಿನ ನೊರೆ. ಇಷ್ಟಕ್ಕೆ ಮಾರ್ಕೊಂಡೆ ನಾನು. ಊರಾಚೆ ಆ ದೊಡ್ಡ ಗೋದಾಮು ಇದೆಯಲ್ಲ, ಅದಕ್ಕೆ ಉಳಿದದ್ದು ಕೇಳಿದ್ಯಾ? ನರ್ಸಕ್ಕನ ಥರದೋರು ನಾಲ್ಕು ಜನರ ಸಂಬಳ."

ನನ್ನ ಹೊಳ್ಳೆ ಅರಳಿತು. ಇಡೀ ಬೀದಿಯನ್ನು ಎಬ್ಬಿಸಿದೆ. ಬಿಲ್ಲಿನಲ್ಲಿ ಎಷ್ಟೇ ಇರಲಿ, ಹಳೆಯ ಪೂರ್ತಿ ತೆರಿಗೆಯನ್ನೇ ಕಟ್ಟುವುದು, ನರ್ಸನ್ನು ಕೇಳುವುದು. ಸಾಲು ಸಾಲಾಗಿ ನಗರಸಭೆಗೆ ಹೋದೆವು. ಕಿಟಕಿಯ ಹಿಂದಿನ ಗುಮಾಸ್ತ ಕನ್ನಡಕ ಏರಿಸಿ ನೋಡಿದ.

"ಬಿಲ್ಲಲ್ಲಿ ಇರೋದಷ್ಟೇ ಕಟ್ಟಿ."

"ಪೂರ್ತಿ ಕಟ್ತೀವಿ."

"ಹೆಚ್ಚಿಗೆ ತಗೊಳ್ಳಕ್ಕೆ ಖಾನೆ ಇಲ್ಲಮ್ಮ."

"ಕಡಿಮೆ ಕಟ್ಟಿದ್ರೆ ದಂಡ ಹಾಕಕ್ಕೆ ಖಾನೆ ಇದೆಯಲ್ಲ?"

"ಅದಿದೆ. ನಿಮಗೆ ಕೊಡಲೇಬೇಕು ಅಂತಿದ್ರೆ ದೇಣಿಗೆ ಅಂತ ಕೊಡಿ. ಅಧ್ಯಕ್ಷರು ಶಾಲು ಹೊದಿಸಿ ಸನ್ಮಾನ ಮಾಡ್ತಾರೆ, ಫೋಟೋನೂ ಬರತ್ತೆ."

"ಫೋಟೋ!" ಎಂದು ಕತ್ತರಿ ಹಾರಿ ಬಿದ್ದ ರೀತಿಗೆ ಕಾವಲುಗಾರ ಓಡಿ ಬಂದ. ನಮ್ಮನ್ನೆಲ್ಲ ಹೊರಗೆ ಹಾಕಿದರು. ಕಟ್ಟುವುದಿಲ್ಲ ಎಂದು ಬಡಿದಾಡಿ ಜೈಲಿಗೆ ಹೋದವರನ್ನು ನೋಡಿದ್ದೇನೆ. ಕಟ್ಟುತ್ತೇವೆ ಎಂದು ಹೋಗಿ ಕತ್ತು ಹಿಡಿದು ದಬ್ಬಿಸಿಕೊಂಡವರು ನಾವೇ ಮೊದಲಿರಬೇಕು.

ಏಪ್ರಿಲ್ 8, ಬುಧವಾರ

ಬಿಲ್ಲನ್ನು ನಾನು ಹರಿದು ಹಾಕುವುದರಲ್ಲಿದ್ದೆ. ತಮ್ಮ ಕೇಳಿ ಇಸಿದುಕೊಂಡು ಹಿಂಬದಿಯ ಸಣ್ಣಕ್ಷರವನ್ನೆಲ್ಲ ಓದಿದ. ಹೊಸ ದರ ಆಯವ್ಯಯ ಸಭೆಯಲ್ಲಿ ಅಂಗೀಕಾರವಾಗುವ ತನಕ ತಾತ್ಕಾಲಿಕ. ಆ ಸಭೆ ಈ ತಿಂಗಳ ಹದಿನೇಳಕ್ಕೆ. ಅಲ್ಲಿಯವರೆಗೆ ಯಾವ ತೆರಿಗೆದಾರನಾದರೂ ಆಕ್ಷೇಪಣೆ ಕೊಡಬಹುದು, ಸಭೆಯಲ್ಲಿ ನಿಂತು ಮಾತಾಡಬಹುದು. ಅವರು ಉತ್ತರ ಕೊಡಲೇಬೇಕು, ಬರವಣಿಗೆಯಲ್ಲಿ. ಚಪ್ಪಾಳೆ ತಟ್ಟಿ ಕೂರಿಸುವಂತಿಲ್ಲ.

ನಾನು ಮೂರು ಪುಟ ಬರೆದೆ. ಓದಿ ಹೇಳಿದೆ. "ಬೈಗುಳ ತೆಗಿ," ಅಂದ. ಎರಡು ಪುಟವಾಯಿತು. "ನನ್ನ ಬೆನ್ನಿನ ವರ್ಣನೆ ತೆಗಿ." ಒಂದು ಪುಟವಾಯಿತು. ಉಳಿದದ್ದು ಇಷ್ಟು: ಗೋದಾಮುಗಳ ತೆರಿಗೆ ಮೊದಲಿನಂತೆ ಪೂರ್ತಿ ಇರಲಿ. ಆ ದುಡ್ಡಿನಿಂದ ಮನೆಭೇಟಿ ಸೇವೆ ಮತ್ತೆ ಆಗಲಿ. ನಮ್ಮ ಮನೆಗಳದ್ದನ್ನೂ ಪೂರ್ತಿ ಕಟ್ಟಲು ನಾವು ಸಿದ್ಧ, ತಗೊಳ್ಳಲು ಖಾನೆ ಮಾಡಿ.

"ನಮ್ಮದನ್ನೂ ಅಂತ ಸೇರಿಸ್ಬೇಕಾ?" ಅಂದ ಡ್ರೈವರ್. "ಅದೊಂದು ಬಿಟ್ರೆ ಜಾಸ್ತಿ ಜನ ಸಹಿ ಹಾಕ್ತಾರೆ."

"ಸೇರಿಸ್ಬೇಕು," ಅಂದ ಕತ್ತರಿ, ಎಲ್ಲರಿಗಿಂತ ಮೊದಲು. ಸಹಿಯನ್ನೂ ಎಲ್ಲರಿಗಿಂತ ಮೊದಲು ಹಾಕಿದ.

ಬೀದಿಯಲ್ಲಿ ಅರ್ಧಕ್ಕರ್ಧ ಜನ ಹಾಕಲಿಲ್ಲ. ಮೂಲೆಮನೆ ಅತ್ತಿಗೆ ಹಾಕಿದಳು, ಅವಳ ಗಂಡ, "ಬಂದ ಭಾಗ್ಯಾನ ಕಾಲಲ್ಲಿ ಒದೀತೀರಾ?" ಅಂತ ಒಳಗೆ ಹೋದ. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ನಾಳೆ ಮತ್ತೆ ಅವನ ಮನೆಗೆ ಹೋಗಬೇಕು.

ಗಾಯದ ಒಂದು ಅಂಚು ಇವತ್ತು ಬೂದುಬಣ್ಣಕ್ಕಿದೆ. ಕಪ್ಪಲ್ಲ, ಬೂದು. ನರ್ಸಕ್ಕನದು ಫೋಟೋ ಬಾರದ ಹಳೇ ಫೋನು. ಕರೆ ಮಾಡಿ ಬಣ್ಣ ಹೇಳಿದೆ. ಬಣ್ಣವನ್ನು ಬಾಯಲ್ಲಿ ಹೇಗೆ ಹೇಳುವುದು? ತಮ್ಮನೇ ಫೋನ್ ತಗೊಂಡು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಸಿಮೆಂಟಿನ ಬೂದು ಅಲ್ವಂತೆ, ಸುಣ್ಣಕ್ಕೆ ಒಂದು ತೊಟ್ಟು ಮಸಿ ಬಿದ್ದ ಹಾಗಂತೆ," ಅಂದ. "ನಾಳೆಗೂ ಹಾಗೇ ಇದ್ರೆ ಕೆಲಸ ಹೋದ್ರೂ ಹೋಗ್ಲಿ, ಬರ್ತೀನಿ," ಅಂದಳಂತೆ. ತಮ್ಮ, "ಬರ್ಬೇಡ, ಆದೇಶ ತರ್ತೀವಿ," ಅಂದ. ಹದಿನೇಳರ ತನಕ ಗಾಯ ಕಾಯುತ್ತದೆಯೋ ಇಲ್ಲವೋ. ಕಾಯದಿದ್ದರೆ ಇದೇ ಮಂಚ ಸಮೇತ ಅವರ ಸಭೆಗೆ ಹೋಗುತ್ತೇವೆ ಎಂದಿದ್ದಾನೆ. ನಾನು ಹೂಂ ಅಂದೆ.

ಸಭೆಯಲ್ಲಿ ಯಾರು ಮಾತಾಡಬೇಕು, ಏನು ಮಾತಾಡಬೇಕು, ಎಲ್ಲ ತೀರ್ಮಾನವಾಗಬೇಕು. ಎಲ್ಲಿ ಸೇರೋಣ ಎಂದು ಕೇಳಿದೆ. "ಇಲ್ಲೇ," ಅಂದ.

ಮುಂದಿನ ಸಭೆ: ಏಪ್ರಿಲ್ 12, ಭಾನುವಾರ, ಬೆಳಗ್ಗೆ ಹತ್ತು ಗಂಟೆಗೆ, ನಮ್ಮ ಮನೆಯಲ್ಲಿ, ತಮ್ಮನ ಮಂಚದ ಸುತ್ತ. ಒಂಬತ್ತೂವರೆಗೆ ಮಗ್ಗುಲು ಬದಲಾಯಿಸಿರುತ್ತೇವೆ. ಸಹಿ ಹಾಕದವರೂ ಬರಬಹುದು. ಎಲ್ಲರೂ ಕೈ ತೊಳೆದುಕೊಂಡು ಒಳಗೆ ಬರುವುದು.